ಕಡಿಯಲು ಹೋಗುವ ದನಗಳನ್ನು ಬಿಡಿಸಿ ಗೋಶಾಲೆಯಲ್ಲಿ ಸಾಕಲು ಊರಲ್ಲಿ ಹಣ ಎತ್ತಬೇಕೇ? ಅಕ್ಕ ಹೌದೆಂದಳು, ತಮ್ಮ ಬೇಡವೆಂದ

ಪರ

ಕಳೆದ ಆಟಿಯಲ್ಲಿ, ಜಡಿಮಳೆಯ ತಿಂಗಳಲ್ಲಿ, ನಾನು ಕೊಡೆ ಹಿಡಿದು, ಗೋಶಾಲೆಯ ರಸೀದಿ ಪುಸ್ತಕವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಮನೆಮನೆ ಸುತ್ತಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಊರು ನಮ್ಮದು. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕು. ಮೂವತ್ತು ವರ್ಷ ಇಲ್ಲಿಯೇ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹಾಗಾಗಿ ಯಾರೂ ಅಂಗಳದಿಂದಲೇ ಕಳಿಸುವುದಿಲ್ಲ. ಕೂರಿಸುತ್ತಾರೆ, ಬೆಲ್ಲ ನೀರು ಕೊಡುತ್ತಾರೆ. ಆಮೇಲೆ ಕೇಳುತ್ತಾರೆ, "ಟೀಚರೇ, ನಿಮ್ಮ ತಮ್ಮ ಎಷ್ಟು ಬರೆಸಿದ್ದಾರೆ?"

ತಮ್ಮ ಒಂದು ರೂಪಾಯಿಯೂ ಬರೆಸಿಲ್ಲ. ಯಾಕೆಂದು ಅವನೇ ಕೆಳಗೆ ಬರೆಯುತ್ತಾನೆ. ನನ್ನದು ಮೊದಲು ಓದಿ.

ನಮ್ಮ ಹಟ್ಟಿಯಲ್ಲಿ ಬೊಳ್ಳಿ ಅಂತ ಒಂದು ದನ ಇತ್ತು. ಎಚ್‌ಎಫ್ ಎಂಬ ವಿದೇಶಿ ತಳಿಯ ಕ್ರಾಸ್, ಮೈಯೆಲ್ಲ ಬಿಳಿ, ಎಡ ಕಿವಿ ಮಾತ್ರ ಕಪ್ಪು. ಆರು ಕರು ಹಾಕಿತು. ಏಳನೆಯದಕ್ಕೆ ಎರಡು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ. ಒಂದು ದಿನ ಬೆಳಗ್ಗೆ ನಾನು ತವರಿಗೆ ಹೋದಾಗ ಅಂಗಳದಲ್ಲಿ ಪಿಕಪ್ ನಿಂತಿತ್ತು. ಅಮ್ಮ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ತಮ್ಮ ಬೊಳ್ಳಿಯ ಕೊರಳಿನಿಂದ ನಮ್ಮ ಹಗ್ಗ ಬಿಚ್ಚಿದ. ದನ ಕೊಡುವಾಗ ನಮ್ಮಲ್ಲಿ ಹಗ್ಗ ಕೊಡುವುದಿಲ್ಲ, ಅದನ್ನು ಹಟ್ಟಿಯ ಗೂಟಕ್ಕೇ ಸಿಕ್ಕಿಸುತ್ತೇವೆ. ವ್ಯಾಪಾರಿ ತನ್ನ ನೈಲಾನ್ ಹಗ್ಗ ಹಾಕಿದ. ಬೊಳ್ಳಿ ಹಲಗೆ ಹತ್ತಲು ಒಪ್ಪಲಿಲ್ಲ. ಕೊನೆಗೆ ತಮ್ಮನೇ ಮುಂದೆ ನಡೆದ. ಅವನ ಹಿಂದೆ ಸುಮ್ಮನೆ ಹತ್ತಿತು.

ಹದಿನಾಲ್ಕು ಸಾವಿರ ರೂಪಾಯಿ. ಆ ದಿನ ಮನೆಗೆ ವಾಪಸು ಬಂದು ಲೆಕ್ಕ ಹಾಕಿದೆ. ನನ್ನ ಒಂದು ತಿಂಗಳ ಪೆನ್ಶನಿನ ಅರ್ಧ ಅದು. ಒಬ್ಬಳೇ ಕೊಟ್ಟುಬಿಡಬಹುದಿತ್ತು. ಆದರೆ ಕೊಟ್ಟು, ಬೊಳ್ಳಿಯನ್ನು ಎಲ್ಲಿ ಕಟ್ಟುವುದು? ನನ್ನದು ಪೇಟೆಯ ಹತ್ತಿರ ಏಳು ಸೆಂಟ್ಸು ಜಾಗ. ಗೋಶಾಲೆ ಬೇಕು ಎಂದು ನನಗೆ ಅನಿಸಿದ್ದು ಆಗ. ಗೋಶಾಲೆ ನಡೆಯಬೇಕಾದರೆ ಒಬ್ಬರ ಕೈಯ ಹಣ ಸಾಲದು, ಊರಿನದು ಬೇಕು.

ರೈತರನ್ನು ನಾನು ಬೈಯುವುದಿಲ್ಲ. ಇಷ್ಟಪಟ್ಟು ದನ ಮಾರುವವರನ್ನು ನಾನು ನೋಡಿಲ್ಲ. ಮೊದಲು ನಮ್ಮ ಬೈಲಿನಲ್ಲಿ ಏಣೆಲು, ಸುಗ್ಗಿ, ನೀರಿದ್ದ ಕಡೆ ಕೊಳಕೆ ಅಂತ ಭತ್ತದ ಮೂರು ಬೆಳೆ ಬರುತ್ತಿತ್ತು. ಬೈಹುಲ್ಲಿನ ಮುಟ್ಟೆ ಮನೆಯಷ್ಟೇ ಎತ್ತರ ಇರುತ್ತಿತ್ತು. ಈಗ ಆ ಗದ್ದೆಯಲ್ಲೆಲ್ಲ ಅಡಿಕೆ. ಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರಬೇಕು. ಮೊದಲು ತೋಟದಲ್ಲಿ ಬಿದ್ದ ಹಸಿ ಅಡಿಕೆ ಹಾಳೆಯನ್ನು ಕೊಚ್ಚಿ ದನಕ್ಕೆ ಹಾಕುತ್ತಿದ್ದೆವು. ಈಗ ಹಾಳೆತಟ್ಟೆ ಮಾಡುವವರು ಮನೆಗೇ ಬಂದು ಎಣಿಸಿ ಒಯ್ಯುತ್ತಾರೆ. ಮದುವೆ ಮನೆಯಲ್ಲಿ ನಾವು ಆ ತಟ್ಟೆಯಲ್ಲಿ ಉಣ್ಣುತ್ತೇವೆ, "ಪರಿಸರಕ್ಕೆ ಒಳ್ಳೆಯದು" ಅನ್ನುತ್ತೇವೆ. ದನದ ಬಾಯಿಯ ತುತ್ತು ಅದು, ಅಲ್ವಾ?

ಹೀಗಿರುವಾಗ ಹಾಲು ಬತ್ತಿದ ದನವನ್ನು ಕೊನೆ ತನಕ ನೀನೇ ಸಾಕು ಎಂದು ರೈತನಿಗೆ ಹೇಳುವುದು ಹಟ್ಟಿ ಇಲ್ಲದವರಿಗೆ ಬಹಳ ಸುಲಭ. ಬೊಳ್ಳಿಯ ಹಾಲು ಕುಡಿದದ್ದು ನಮ್ಮ ಮನೆಯವರು ಮಾತ್ರ ಅಲ್ಲ. ಸೊಸೈಟಿಗೆ ಹೋಗಿ, ಡೈರಿಗೆ ಹೋಗಿ, ಪ್ಯಾಕೆಟಿನಲ್ಲಿ ಕೂತು ಎಷ್ಟೋ ಮನೆಗಳ ಚಹಾಕ್ಕೆ ಬಿತ್ತು. ಹಾಲಿನಲ್ಲಿ ಪಾಲು ಪಡೆದವರು ಹುಲ್ಲಿನಲ್ಲೂ ಪಾಲು ಹಾಕಲಿ. ದೇವಸ್ಥಾನದ ಬ್ರಹ್ಮಕಲಶಕ್ಕೆ ನಾವು ಹೊರೆಕಾಣಿಕೆ ಒಯ್ಯುವುದಿಲ್ಲವೇ? ಒಬ್ಬರು ತೆಂಗಿನಕಾಯಿ, ಒಬ್ಬರು ಬಾಳೆಗೊನೆ, ಒಬ್ಬರು ಎರಡು ಸೇರು ಅಕ್ಕಿ. ಯಾರಿಗೂ ಭಾರ ಅನಿಸುವುದಿಲ್ಲ, ಸಾವಿರಾರು ಜನ ಉಂಡು ಹೋಗುತ್ತಾರೆ. ನನ್ನ ರಸೀದಿ ಪುಸ್ತಕವೂ ಅಂಥದ್ದೇ ಒಂದು ಹೊರೆಕಾಣಿಕೆ.

ಗಡಿಯಲ್ಲಿರುವ ನಮಗೆ ಇನ್ನೊಂದು ವಿಷಯ ಇದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾಯಿದೆ 2021ರ ಜನವರಿಯಲ್ಲಿ ಜಾರಿಗೆ ಬಂತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಅಲ್ಲಿ ದನ, ಕರು, ಎತ್ತು, ಎಮ್ಮೆ ಯಾವುದನ್ನೂ ಕಡಿಯುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದ ತನಕ ದಂಡ. ಕೇರಳದಲ್ಲಿ ಅಷ್ಟು ಬಿಗಿ ಇಲ್ಲ. ಸಾರಡ್ಕ ದಾಟಿದರೆ ಕೇರಳ, ತಲಪಾಡಿ ದಾಟಿದರೆ ಕೇರಳ. ಕಾಯಿದೆ ಗಡಿಯಲ್ಲಿ ನಿಲ್ಲುತ್ತದೆ, ಪಿಕಪ್ ನಿಲ್ಲುವುದಿಲ್ಲ. ಒಂದರ ಮೇಲೊಂದು ಒತ್ತಿ, ಕಾಲು ಕಟ್ಟಿ, ಟಾರ್ಪಾಲು ಹೊದಿಸಿ ತರುವುದು ಯಾವ ರಾಜ್ಯದಲ್ಲೂ ಅಪರಾಧ. ಪ್ರಾಣಿಹಿಂಸೆ ತಡೆ ಕಾಯಿದೆ 1960ರಿಂದ ಇದೆ. ಸರಿ, ಪೊಲೀಸರು ವಾಹನ ಹಿಡಿದರು. ಮುಂದೆ? ಡ್ರೈವರ್ ಜಾಮೀನಿನಲ್ಲಿ ಮನೆಗೆ ಹೋಗುತ್ತಾನೆ. ದನ ಎಲ್ಲಿಗೆ ಹೋಗಬೇಕು?

ಹಾಗೆ ಹಿಡಿದ ಐದು ದನಗಳನ್ನು ನಾನು ಒಮ್ಮೆ ನೋಡಿದ್ದೇನೆ. ಠಾಣೆಯೊಂದರ ಹಿಂದಿನ ತೆಂಗಿನ ಮರಕ್ಕೆ ಕಟ್ಟಿದ್ದರು. ಒಂದರ ಕೊಂಬು ಬುಡದಲ್ಲಿ ಮುರಿದು ನೊಣ ಮುತ್ತಿತ್ತು. ಪಾಪ, ಒಬ್ಬ ಕಾನ್‌ಸ್ಟೆಬಲ್ ತನ್ನ ಊಟದ ಕುಚ್ಚಲನ್ನದ ಗಂಜಿ ತಂದು ಸುರಿದ. ಒಂದು ದಿನವಲ್ಲ, ಮೂರು ದಿನ ಹೀಗೆ. ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿ ಬಂದ 2017ರ ನಿಯಮದ ಪ್ರಕಾರ ಇಂಥ ದನಗಳನ್ನು ಕೇಸು ಮುಗಿಯುವ ತನಕ ಗೋಶಾಲೆಯ ವಶಕ್ಕೆ ಕೊಡಬಹುದು. ಗೋಶಾಲೆ ಇದ್ದರೆ ತಾನೇ ಕೊಡುವುದು? ಈ ದನಗಳನ್ನು ಯಾರೂ ಹಣ ಕೊಟ್ಟು ಕೊಂಡದ್ದಲ್ಲ. ಯಾವ ದಲ್ಲಾಳಿಯ ಜೇಬಿಗೂ ನಮ್ಮ ದುಡ್ಡು ಹೋಗುವುದಿಲ್ಲ. ಹೋಗುವುದು ಹುಲ್ಲಿಗೆ, ಹಿಂಡಿಗೆ, ಪಶುವೈದ್ಯರ ಆಟೋ ಬಾಡಿಗೆಗೆ. ಇದಕ್ಕೂ ಬೇಡ ಅನ್ನುವವರ ಹತ್ತಿರ ನನಗೆ ವಾದ ಇಲ್ಲ.

ಇನ್ನು ನಮ್ಮ ಗಿಡ್ಡ ದನಗಳು. ಕಾಸರಗೋಡು ಗಿಡ್ಡ ಎಂದರೆ ನನ್ನ ಸೊಂಟದೆತ್ತರಕ್ಕೂ ಬಾರದ ದನ. ಎರಡು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಗುಡ್ಡಕ್ಕೆ ಅಟ್ಟಿದರೆ ಮುಳಿಹುಲ್ಲು, ಸೊಪ್ಪು ತಿಂದು ಸಂಜೆ ತಾನೇ ಹಟ್ಟಿಗೆ ಬರುತ್ತದೆ. ಕೇರಳದಲ್ಲಿ 1961ರ ಜಾನುವಾರು ಅಭಿವೃದ್ಧಿ ಕಾಯಿದೆ ಬಂದ ಮೇಲೆ ಪರವಾನಗಿ ಇಲ್ಲದ ಹೋರಿಗಳನ್ನು ಬೀಜ ಒಡೆಸಬೇಕಾಯಿತು. 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಸ್ವಿಸ್ ನೆರವಿನಿಂದ ಕ್ರಾಸ್ ತಳಿಯ ಕೆಲಸ ಶುರುವಾಯಿತು. ಹಾಲು ಜಾಸ್ತಿ ಆಯಿತು, ನಾಡತಳಿ ಕಮ್ಮಿ ಆಯಿತು. ಕೇರಳದ್ದೇ ಇನ್ನೊಂದು ಕುಳ್ಳ ತಳಿಯಾದ ವೆಚ್ಚೂರು ದನ ಮುಗಿದೇ ಹೋಯಿತು ಅನ್ನುವ ಹೊತ್ತಿನಲ್ಲಿ, 1989ರಲ್ಲಿ, ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರಾಧ್ಯಾಪಕಿ ಸೋಸಮ್ಮ ಐಪ್ ವಿದ್ಯಾರ್ಥಿಗಳನ್ನು ಜೊತೆಗೆ ಕಟ್ಟಿಕೊಂಡು ಊರೂರು ಹುಡುಕಿದರು. ಸಿಕ್ಕಿದ್ದನ್ನು ತಂದು ಸಾಕಿ ತಳಿ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಗಿಡ್ಡಕ್ಕೆ ಇಲ್ಲೇ ಬದಿಯಡ್ಕದ ಹತ್ತಿರ ಬೇಳದಲ್ಲಿ ಸರಕಾರದ ಸಂರಕ್ಷಣಾ ಕೇಂದ್ರ ಇದೆ, ಸಂತೋಷ. ಒಂದೇ ಕೇಂದ್ರದಲ್ಲಿ ರೋಗ ಬಂದರೆ? ನಾಲ್ಕು ಕಡೆ ಇರಲಿ ಎಂಬುದು ನನ್ನ ಆಸೆ.

ಖರ್ಚಿನ ಮಾತಿಗೆ ಬರುತ್ತೇನೆ. ಕರ್ನಾಟಕ ಸರಕಾರ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಶುರುಮಾಡಿದಾಗ ಒಂದು ದನವನ್ನು ಒಂದು ವರ್ಷ ದತ್ತು ಪಡೆಯಲು 11,000 ರೂಪಾಯಿ ಎಂದಿತು. ದಿನಕ್ಕೆ 30 ರೂಪಾಯಿ ಆಯಿತು. ಎಚ್‌ಎಫ್ ದನಕ್ಕೆ ಅದು ಎಲ್ಲಿಗೂ ಸಾಲದು, ಗೊತ್ತು. ಗುಡ್ಡದಲ್ಲಿ ಮೇಯುವ ಗಿಡ್ಡಕ್ಕೆ ಹೆಚ್ಚುಕಡಿಮೆ ಸಾಕು. ಸೆಗಣಿ ಬೇರೆ ಇದೆ. 2005ರಲ್ಲಿ ಗುಜರಾತಿನ ಗೋಹತ್ಯೆ ನಿಷೇಧದ ಕೇಸಿನಲ್ಲಿ ಸುಪ್ರೀಂ ಕೋರ್ಟು, ಮುದಿ ಎತ್ತು ಕೂಡ ವರ್ಷಕ್ಕೆ 5 ಟನ್ ಸೆಗಣಿ ಹಾಕುತ್ತದೆ ಎಂಬ ಲೆಕ್ಕವನ್ನು ತೀರ್ಪಿನಲ್ಲೇ ಎತ್ತಿ ಹೇಳಿತು. ನಮ್ಮ ಅಡಿಕೆ ತೋಟದವರು ಒಣಗೊಬ್ಬರಕ್ಕೆ ಹೇಗೆ ಪರದಾಡುತ್ತಾರೆ ಎಂದು ಬೇರೆಯವರು ನನಗೆ ಹೇಳಬೇಕಾಗಿಲ್ಲ.

"ಮನುಷ್ಯರಿಗೇ ಗತಿ ಇಲ್ಲ, ದನಕ್ಕೆ ಯಾಕೆ?" ಎಂದು ಕೇಳುವವರು ಇದ್ದಾರೆ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಮನೆಗಳಿಗಾಗಿ ಹಣ ಎತ್ತುವಾಗಲೂ ನಾನು ಇದೇ ಕೊಡೆ ಹಿಡಿದು ಹೋಗಿದ್ದೆ. ಆಗ ಇವರು "ಸರಕಾರ ಕೊಡುತ್ತದಲ್ಲ" ಅಂದಿದ್ದರು.

ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಗೋಶಾಲೆ ಅಂದಕೂಡಲೇ ಯಾವ ಪಕ್ಷ, ಯಾವ ಜಾತಿ ಎಂದು ನೋಡುತ್ತಾರೆ. ಪೇಟೆಯಲ್ಲಿ ಪಶು ಆಹಾರದ ಅಂಗಡಿ ಇಟ್ಟ ಬ್ಯಾರಿ ಮುಸ್ಲಿಂ ಸಾಹೇಬರು ಎರಡು ಚೀಲ ಹಿಂಡಿ ಆಟೋಕ್ಕೆ ಹಾಕಿಸಿದರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದವಳು. ರಸೀದಿ ಬರೆಯಲು ಹೊರಟೆ. "ಹೆಸರು ಬೇಡ ಟೀಚರೇ, ಆಚೆಯವರೂ ಕೇಳುತ್ತಾರೆ, ಈಚೆಯವರೂ ಕೇಳುತ್ತಾರೆ" ಎಂದರು. ನಾನು "ಒಬ್ಬ ಹಿತೈಷಿ" ಎಂದು ಬರೆದೆ. ನನ್ನ ಪುಸ್ತಕದಲ್ಲಿ ಆ ಹೆಸರಿನವರು ಹನ್ನೊಂದು ಮಂದಿ ಇದ್ದಾರೆ.

ವಿರೋಧ

ಅಕ್ಕ ಬೊಳ್ಳಿಯ ಕಥೆ ಅರ್ಧ ಹೇಳಿದ್ದಾಳೆ. ಉಳಿದರ್ಧ ನಾನು ಹೇಳುತ್ತೇನೆ.

ಬೊಳ್ಳಿ ಹಾಲು ಬತ್ತಿದ ಮೇಲೆ ಹದಿನಾಲ್ಕು ತಿಂಗಳು ನನ್ನ ಹಟ್ಟಿಯಲ್ಲೇ ಇತ್ತು. ಎರಡು ಇಂಜೆಕ್ಷನ್ ಅಕ್ಕನಿಗೆ ನೆನಪಿದೆ. ನಡುವೆ ಗರ್ಭಕೋಶ ತೊಳೆಸಿದ್ದು, ಮಿನರಲ್ ಪುಡಿ ಹಾಕಿದ್ದು ಅವಳಿಗೆ ಗೊತ್ತಿಲ್ಲ. ನಾಲ್ಕು ನೂರು ಕಿಲೋ ತೂಗುವ ದನಕ್ಕೆ ದಿನಕ್ಕೆ ಹತ್ತು ಕಿಲೋ ಒಣ ಲೆಕ್ಕದ ಮೇವು ಬೇಕು. ಹಸಿಹುಲ್ಲು ಆದರೆ ಅದರ ನಾಲ್ಕೈದು ಪಾಲು. ಹೋದ ವರ್ಷ ಬೈಹುಲ್ಲು ಲಾರಿ ಬಾಡಿಗೆ ಸೇರಿ ನನಗೆ ಕಿಲೋಗೆ ಹತ್ತು ರೂಪಾಯಿಯ ಮೇಲೆಯೇ ಬಿತ್ತು. ಅಂದರೆ ಬೊಳ್ಳಿ ಕಾಲಿಯಾಗಿ ನಿಂತು ದಿನಕ್ಕೆ ನೂರು ರೂಪಾಯಿ ತಿನ್ನುತ್ತಿತ್ತು. ಪಕ್ಕದಲ್ಲಿ ಹಾಲು ಕರೆಯುವ ದನಕ್ಕೆ ಹಿಂಡಿ ಕಮ್ಮಿ ಮಾಡಬೇಕಾಯಿತು. ಹದಿನಾಲ್ಕು ಸಾವಿರ ಹೋದದ್ದು ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಸೊಸೈಟಿಯ ಸಾಲದ ಕಂತಿಗೆ ಹೋಯಿತು.

ಪಿಕಪ್ಪಿಗೆ ನನ್ನ ಹಿಂದೆ ಹತ್ತಿತು ಎಂದು ಅಕ್ಕ ಬರೆದಿದ್ದಾಳೆ. ಅದನ್ನು ಅವಳು ಬರೆಯಬೇಕಾಗಿರಲಿಲ್ಲ. ಇರಲಿ.

ನನ್ನ ಜಗಳ ಗೋಶಾಲೆಯ ಹತ್ತಿರ ಇಲ್ಲ. "ಬಿಡಿಸುವುದು" ಎಂಬ ಮಾತಿನ ಹತ್ತಿರ ಇದೆ. ವಾಟ್ಸಾಪಿನಲ್ಲಿ ಒಂದು ಫೋಟೊ ಬರುತ್ತದೆ. ಕಣ್ಣಲ್ಲಿ ನೀರಿರುವ ದನ. ಕೆಳಗೆ ಕ್ಯೂಆರ್ ಕೋಡ್. "ನಾಳೆ ಸಂಜೆಯೊಳಗೆ ಇಷ್ಟು ಸಾವಿರ ಆಗದಿದ್ದರೆ ಈ ತಾಯಿ ಉಳಿಯುವುದಿಲ್ಲ." ಸಂಜೆಯೊಳಗೆ ಆಗಿಬಿಡುತ್ತದೆ, ಕೆಲವೊಮ್ಮೆ ಜಾಸ್ತಿಯೇ ಬರುತ್ತದೆ. ಗಲ್ಫಿನಿಂದ, ಬೆಂಗಳೂರಿನಿಂದ, ಎಲ್ಲಿಂದೆಲ್ಲ. ಮರುದಿನ ಅದೇ ದನಕ್ಕೆ ಚೆಂಡುಹೂವಿನ ಮಾಲೆ, ಹಣೆಗೆ ಕುಂಕುಮ. ಗ್ರೂಪ್ ತುಂಬ ಕೈಮುಗಿದ ಚಿತ್ರಗಳು.

ಆ ಹಣ ಹೋದದ್ದು ಯಾರಿಗೆ? ದನದ ವ್ಯಾಪಾರಿಗೆ. ಅವನನ್ನು ನನಗೆ ಗೊತ್ತು. ಕೆಟ್ಟವನೇನಲ್ಲ, ನನಗೆ ಎರಡು ಸಲ ಇನ್ನೂ ಕರು ಹಾಕದ ಒಳ್ಳೆಯ ಗಡಸು ತಂದುಕೊಟ್ಟಿದ್ದಾನೆ. ಒಂದು ದಿನ ಚಹಾ ಕುಡಿಯುತ್ತ ಅವನೇ ಹೇಳಿದ, "ನಿಮ್ಮ ಗೋಶಾಲೆಯವರು ಒಳ್ಳೆ ಗಿರಾಕಿ ಅಣ್ಣ, ಚೌಕಾಸಿ ಮಾಡುವುದಿಲ್ಲ." ಆ ವಾರ ಮೂರು ದನ ಅವನು ಗೋಶಾಲೆಗೆ ಕೊಟ್ಟಿದ್ದ. ಬಂದ ಹಣದಲ್ಲಿ ಸುಳ್ಯದ ಕಡೆಯಿಂದ ನಾಲ್ಕು ತಂದ. ನೀವೇ ಲೆಕ್ಕ ಹಾಕಿ, ಉಳಿದದ್ದು ಎಷ್ಟು, ಹೋದದ್ದು ಎಷ್ಟು. ಸಂತೆಯಲ್ಲಿ ಹೊಸ ಗಿರಾಕಿ ನಿಂತರೆ ಬೆಲೆ ಏರುತ್ತದೆ, ಮಾಲು ಜಾಸ್ತಿ ಬರುತ್ತದೆ. ದನದ ಸಂತೆಯಾದರೂ ಅಷ್ಟೇ, ಅಡಿಕೆ ಮಂಡಿಯಾದರೂ ಅಷ್ಟೇ.

ಇನ್ನು ತಂದ ಮೇಲಿನ ಕಥೆ. ಹತ್ತು ವರ್ಷದ ದನ ಬಂತೆನ್ನಿ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಎಂಟು ವರ್ಷ ಬದುಕುತ್ತದೆ. ದಿನಕ್ಕೆ ನೂರು ರೂಪಾಯಿ ಹಿಡಿದರೆ ವರ್ಷಕ್ಕೆ 36,500. ಎಂಟು ವರ್ಷಕ್ಕೆ 2,92,000. ಬಿಡಿಸಲು ಕೊಟ್ಟದ್ದು ಹದಿನೈದು ಸಾವಿರ. ಅದು ಒಂದು ಸಂಜೆಯಲ್ಲಿ ಕೂಡಿತು. ಉಳಿದ ಮೂರು ಲಕ್ಷಕ್ಕೆ ಯಾವ ಫೋಟೊ ಹಾಕುತ್ತೀರಿ? ಬೈಹುಲ್ಲಿಗೆ ಕಣ್ಣಿಲ್ಲ, ಅದು ಅಳುವುದಿಲ್ಲ.

ದೀಪಾವಳಿಯ ಗೋಪೂಜೆಯ ದಿನ ಗೋಶಾಲೆಗೆ ಹೋಗಿ ನೋಡಿ. ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಬಾಳೆಹಣ್ಣು, ಅವಲಕ್ಕಿ, ಬೆಲ್ಲ, ದೋಸೆ ತಿಂದು ತಿಂದು ಆ ದಿನ ರಾತ್ರಿ ಎರಡು ದನಕ್ಕೆ ಹೊಟ್ಟೆ ಉಬ್ಬರಿಸುವುದು ಗ್ಯಾರಂಟಿ. ಆಟಿಯಲ್ಲಿ ಹೋಗಿ ನೋಡಿ. ನಾನು ಹೋಗಿದ್ದೇನೆ. ಯಾವುದೆಂದು ಹೇಳುವುದಿಲ್ಲ, ಅಕ್ಕನದ್ದಲ್ಲ. ಕರೆದರು ಅಂತ ಹೋದೆ, ಒಂದು ದನ ಬಿದ್ದಿತ್ತು. ಮೂವತ್ತು ದನದ ಹಟ್ಟಿಯಲ್ಲಿ ಐವತ್ತರ ಮೇಲಿತ್ತು. ನೆಲ ಕೆಸರು. ಗಟ್ಟಿ ದನಗಳು ಮುಂದೆ ನಿಂತು ತಿನ್ನುತ್ತವೆ, ಮುದಿಯವು ಹಿಂದೆ ನಿಲ್ಲುತ್ತವೆ. ನಿಂತು ನಿಂತು ಒಂದು ದಿನ ಬೀಳುತ್ತವೆ. ಬಿದ್ದ ದನವನ್ನು ಎತ್ತುವುದು ಸುಲಭ ಅಲ್ಲ. ಹೊಟ್ಟೆಯಡಿಗೆ ಗೋಣಿ ತೂರಿಸಿ, ಎರಡು ಕಡೆ ಅಡಿಕೆ ಸಲಾಕೆ ಕೊಟ್ಟು ನಾಲ್ಕು ಜನ ಹೆಗಲು ಹಾಕಿದೆವು. ಎದ್ದು ನಿಂತಿತು. ಕೈ ಬಿಟ್ಟಾಗ ಮತ್ತೆ ಕುಸಿಯಿತು. ಮಗ್ಗುಲಲ್ಲಿ ಅಂಗೈ ಅಗಲದ ಹುಣ್ಣು, ಒಳಗೆ ಹುಳ. ಒಂಬತ್ತು ದಿನ ಹಾಗೆ ಬಿದ್ದಿತ್ತಂತೆ. ಅದಕ್ಕೂ ಒಂದು ಸಲ ಮಾಲೆ ಹಾಕಿ ಫೋಟೊ ತೆಗೆದಿದ್ದರು.

ಅಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ದನ ಕಳಿಸುತ್ತ ಹೋದವರನ್ನು ದೂರುತ್ತೇನೆ.

ರೋಗದ ವಿಷಯವೂ ಇದೆ. ಚರ್ಮಗಂಟು ರೋಗ 2022ರಲ್ಲಿ ದೇಶವಿಡೀ ಹಬ್ಬಿದ್ದು ನೆನಪಿದೆಯಲ್ಲ. ನೊಣ, ಸೊಳ್ಳೆ, ಉಣ್ಣಿ, ಯಾವುದರಿಂದಲೂ ಹರಡುತ್ತದೆ. ಸಂತೆಯ ದನ ನಾಲ್ಕು ಊರಿನ ನೊಣ ಕೂರಿಸಿಕೊಂಡು ಬರುತ್ತದೆ. ಬಂದದ್ದನ್ನು ಕೆಲವು ವಾರ ಬೇರೆ ಹಟ್ಟಿಯಲ್ಲಿ ಕಟ್ಟಬೇಕು. ಬೇರೆ ಹಟ್ಟಿಗೆ ಯಾರೂ ದೇಣಿಗೆ ಕೊಡುವುದಿಲ್ಲ.

ಅಕ್ಕನ ಸೆಗಣಿ ಲೆಕ್ಕ ನೋಡಿ ನಗು ಬಂತು. ವರ್ಷಕ್ಕೆ 5 ಟನ್ ಎಂದರೆ ದಿನಕ್ಕೆ ಹದಿಮೂರು ಕಿಲೋದ ಮೇಲೆ. ಅದು ದೊಡ್ಡ ಎತ್ತಿನ ಲೆಕ್ಕ. ಮೊನ್ನೆ ನಾನು ನಮ್ಮ ಗಿಡ್ಡದ್ದನ್ನು ಬುಟ್ಟಿಯಲ್ಲಿ ಹಾಕಿ ಅಡಿಕೆ ತೂಗುವ ತಕ್ಕಡಿಗೆ ಇಟ್ಟೆ. ರಾತ್ರಿಯದ್ದು, ಹಗಲಿನದ್ದು ಸೇರಿ ಐದು ಕಿಲೋ ಆಗಲಿಲ್ಲ. ಹೆಂಡತಿ ಆ ತಕ್ಕಡಿಯನ್ನು ಎರಡು ದಿನ ಒಳಗೆ ತರಲು ಬಿಡಲಿಲ್ಲ. ಅದೇ ಸುಪ್ರೀಂ ಕೋರ್ಟು 1958ರಲ್ಲಿ ಬೇರೆ ಹೇಳಿತ್ತು. ಹಸುವಿನ ವಧೆ ಪೂರ್ತಿ ನಿಷೇಧಿಸಬಹುದು, ಆದರೆ ಕೆಲಸಕ್ಕೆ ಬಾರದ ಎತ್ತು ಹೋರಿಗಳ ಮೇಲೆ ಪೂರ್ತಿ ನಿಷೇಧ ಸರಿಯಲ್ಲ ಎಂದಿತ್ತು. ಇದ್ದ ಮೇವು ಹಾಲು ಕೊಡುವ, ದುಡಿಯುವ ದನಗಳಿಗೇ ಸಾಲದು ಎಂಬುದು ಆಗಿನ ಒಂದು ಕಾರಣ. 2005ರಲ್ಲಿ ತೀರ್ಪು ಬದಲಾಯಿತು. ನಮ್ಮ ಊರಿನ ಮೇವು ಆಮೇಲೆ ಕಮ್ಮಿಯೇ ಆಗಿದೆ.

ಸೋಸಮ್ಮ ಐಪ್ ಅವರ ಕೆಲಸಕ್ಕೆ ನಾನೂ ಕೈ ಮುಗಿಯುತ್ತೇನೆ. ಆದರೆ ಅವರು ಆರಿಸಿ ತಂದರು, ತಳಿ ಎಬ್ಬಿಸಲು ತಂದರು. ಕರು ಹಾಕುವ ದನ, ಒಳ್ಳೆ ಹೋರಿ, ಬರೆದಿಟ್ಟ ವಂಶಾವಳಿ. ಸಂತೆಯಿಂದ ಸಿಕ್ಕಿದ್ದನ್ನು ತಂದು ಒಟ್ಟಿಗೆ ಬಿಟ್ಟರೆ ತಳಿ ಉಳಿಯುವುದಿಲ್ಲ, ಕಲಬೆರಕೆಯಾಗುತ್ತದೆ. ಗಿಡ್ಡ ಉಳಿಸಲು ಅಂತ ಅಕ್ಕ ಬೇರೆ ರಸೀದಿ ಪುಸ್ತಕ ಮಾಡಲಿ, ನಾನೇ ಮೊದಲು ಬರೆಸುತ್ತೇನೆ.

ಪೊಲೀಸರು ಹಿಡಿದ ದನಗಳ ವಿಷಯದಲ್ಲಿ ಅವಳ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅವನ್ನು ತೆಂಗಿನ ಮರಕ್ಕೆ ಕಟ್ಟಿ ಬಿಡುವಂತಿಲ್ಲ, ಒಪ್ಪಿದೆ. ಆದರೆ ಅವಳು ಹೇಳಿದ ಅದೇ 2017ರ ನಿಯಮದಲ್ಲಿ ಇನ್ನೊಂದು ಸಾಲು ಇದೆ. ಸಾಕುವ ಖರ್ಚಿಗೆ ದನದ ಮಾಲೀಕ ಬಾಂಡ್ ಬರೆದುಕೊಡಬೇಕು. ಆ ಹಣವನ್ನು ಕೋರ್ಟಿನಲ್ಲಿ ಕೇಳುವ ಗೋಶಾಲೆ ನಾನು ನೋಡಿಲ್ಲ. ಯಾಕೆ ಕೇಳಬೇಕು, ಊರಲ್ಲಿ ಎತ್ತಿದರೆ ಬರುತ್ತದಲ್ಲ! ಒಬ್ಬ ವಕೀಲರಿಗೆ ಫೀಸು ಕೊಡಲು ದೇಣಿಗೆ ಎತ್ತಿ, ಅದಾದರೂ ಕೆಲಸಕ್ಕೆ ಬರುತ್ತದೆ.

ಲೆಕ್ಕಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಕ ಒಂದು ಪೈಸೆ ಆಚೀಚೆ ಮಾಡುವವಳಲ್ಲ. ಆದರೆ ಎಲ್ಲ ಪುಸ್ತಕವೂ ಅವಳ ಕೈಯಲ್ಲಿ ಇಲ್ಲ, ಮತ್ತು ಕ್ಯೂಆರ್ ಕೋಡಿಗೆ ರಸೀದಿಯೇ ಇಲ್ಲ.

2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 19 ಕೋಟಿ ದನಗಳಿದ್ದವು. ಬೀದಿಯಲ್ಲಿದ್ದವೇ 50 ಲಕ್ಷ. ಇಷ್ಟನ್ನು ರಸೀದಿ ಪುಸ್ತಕದಲ್ಲಿ ಸಾಕುತ್ತೀರಾ? ದನ ಹಟ್ಟಿಯಿಂದ ಹೊರಗೆ ಹೋಗುವ ಮೊದಲು ಏನಾದರೂ ಮಾಡಬೇಕು. ಕ್ರಾಸ್ ದನ ಗಂಡು ಕರು ಹಾಕಿದ ದಿನವೇ ಆ ಕರುವಿನ ಕಥೆ ಮುಗಿಯುತ್ತದೆ. ಉಳುವುದಕ್ಕೆ ಗದ್ದೆ ಇಲ್ಲ, ಬೀಜಕ್ಕೆ ಸೀಮೆನ್ ಇದೆ. ಈಗ ಹೆಣ್ಣು ಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ಸೀಮೆನ್ ಸಿಗುತ್ತದೆ, ಹತ್ತರಲ್ಲಿ ಒಂಬತ್ತು ಹೆಣ್ಣೇ. ಬೆಲೆ ಜಾಸ್ತಿ ಎಂದು ಸಣ್ಣ ರೈತರು ಹಿಂಜರಿಯುತ್ತಾರೆ. ಊರ ಹಣ ಅಲ್ಲಿ ಹಾಕಿ. ಅಥವಾ ಗೊಡ್ಡು ದನವನ್ನು ಮನೆಯಲ್ಲೇ ಇಟ್ಟುಕೊಂಡವರಿಗೆ ತಿಂಗಳಿಗೆ ಒಂದಷ್ಟು ಹುಲ್ಲು ಕೊಡಿ. ಅದು ಹುಟ್ಟಿದ ಹಟ್ಟಿಯಲ್ಲೇ ಇರುತ್ತದೆ, ಅದೇ ಕೈಯಿಂದ ಅಕ್ಕಚ್ಚು ಕುಡಿಯುತ್ತದೆ. ದೊಡ್ಡ ಹಟ್ಟಿ ಬೇಡ, ಬೋರ್ಡು ಬೇಡ, ಅಧ್ಯಕ್ಷರು ಬೇಡ. ಅಧ್ಯಕ್ಷರು ಬೇಡ ಅಂದದ್ದಕ್ಕೇ ಈ ಮಾತು ಯಾವ ಮೀಟಿಂಗಿನಲ್ಲೂ ಪಾಸಾಗುವುದಿಲ್ಲ.

ಬೊಳ್ಳಿಯ ಹಗ್ಗ ಗೂಟಕ್ಕೆ ಸಿಕ್ಕಿಸಿದ್ದನ್ನು ಅಕ್ಕ ಬರೆದಿದ್ದಾಳೆ. ಆ ಹಗ್ಗದಲ್ಲಿ ಈಗ ಕೆಂಪಿ ಇದೆ. ಹನ್ನೊಂದು ವರ್ಷ. ಹಾಲು ಬತ್ತಿ ಎರಡು ವರ್ಷ ದಾಟಿತು. ಇದನ್ನೂ ಅವಳು ಬರೆಯಬಹುದಿತ್ತು, ಬರೆಯಲಿಲ್ಲ. ವ್ಯಾಪಾರಿ ಎರಡು ಸಲ ಬಂದು ನೋಡಿ ಹೋದ. ಎರಡನೆಯ ಸಲ ಬಂದಾಗ ಅಮ್ಮ ಗೋಡೆ ಕಡೆ ತಿರುಗಿ ಕೂತದ್ದನ್ನು ನೋಡಿ, ನಾನು ಏನೋ ಬೆಲೆ ಹೇಳಿ ಕಳಿಸಿದೆ. ದಿನಕ್ಕೆ ನೂರು ರೂಪಾಯಿಯ ಲೆಕ್ಕ ನನಗೆ ಬಾಯಿಪಾಠ ಇರುವುದು ಅದಕ್ಕೇ.

ಮೊನ್ನೆ ಆದಿತ್ಯವಾರ ಅಕ್ಕ ಬಂದಳು. ಆಟೋ ಅಂಗಳದಲ್ಲಿ ನಿಂತಿತ್ತು, ಕೈಯಲ್ಲಿ ಪುಸ್ತಕ. ನಾನು ಹಣ ಕೊಡಲಿಲ್ಲ. ಅಟ್ಟದಿಂದ ಮೂರು ಕಟ್ಟು ಬೈಹುಲ್ಲು ಇಳಿಸಿ ಆಟೋದ ಹಿಂದೆ ತುರುಕಿದೆ. "ಇದಕ್ಕೆ ಎಷ್ಟು ಅಂತ ಬರೆಯಲಿ?" ಎಂದು ಪೆನ್ನು ತೆಗೆದಳು. ಏನಾದರೂ ಬರೆದುಕೋ, ಕಟ್ಟಿದ ಹಗ್ಗ ಮಾತ್ರ ವಾಪಸು ಕಳಿಸು ಅಂದೆ.